ನಮ್ಮವರು ತುಂಬಿಟ್ಟ ಚಾರ್ಜು

ನಮ್ಮವರನ್ನು ಮಣ್ಣು ಮಾಡಿ ಬಂದ ದಿನವೇ ಅತ್ತೆ ಅವರ ಬ್ಯಾಟರಿ ಸೈಕಲ್ಲಿಗೆ ಕಂಬಳಿ ಹೊದಿಸಿಬಿಟ್ಟರು. ನಮ್ಮ ಕಿರ್ಗಿಜ್ ಜನರಲ್ಲಿ ಗಂಡಸು ತೀರಿಕೊಂಡರೆ, ವರ್ಷದ ಊಟ ಮುಗಿಯುವವರೆಗೆ ಅವನ ಕುದುರೆಯನ್ನು ಯಾರೂ ಹತ್ತುವಂತಿಲ್ಲ. ನಮ್ಮವರ ಹತ್ತಿರ ಕೊನೆಗೆ ಕುದುರೆ ಎಲ್ಲಿ ಉಳಿದಿತ್ತು? ಇದ್ದದ್ದು ಇದೊಂದೇ. ಇದೇ ಅವನ ಕುದುರೆ ಎಂದು ಅತ್ತೆ ತೀರ್ಪು ಕೊಟ್ಟರು. ಎಂಬತ್ತೆರಡು ವರ್ಷದ ಕಾಲಿಪಾ ಅತ್ತೆಗೆ ಎದುರಾಡುವ ಗಂಡಸೇ ನಮ್ಮ ಬೀದಿಯಲ್ಲಿಲ್ಲ, ಸೊಸೆ ನಾನು ಯಾವ ಲೆಕ್ಕ?

ಆದರೆ ಈ ಸಲ ಅತ್ತೆಯ ಹಟ ನನಗೂ ಒಳ್ಳೆಯದೇ ಆಯಿತು. ತೀರಿಕೊಳ್ಳುವ ಹಿಂದಿನ ಸಂಜೆ ನಮ್ಮವರು ತಮ್ಮ ಕೈಯಾರೆ ಬ್ಯಾಟರಿ ಚಾರ್ಜಿಗೆ ಹಾಕಿದ್ದರು. ಸರೋವರದ ದಂಡೆಯಲ್ಲಿ ಜರ್ದಾಲು ಹೂಬಿಟ್ಟಿದೆ, ಬೆಳಿಗ್ಗೆ ಹೋಗೋಣ ಅಂದಿದ್ದರು. ಮೂವತ್ತು ವರ್ಷ ಕುದುರೆ, ಮೋಟರ್‌ಸೈಕಲ್ಲು, ಕೊನೆಗೆ ಇದು ಅಂತ ಪ್ರತಿ ವಸಂತದಲ್ಲೂ ನನ್ನನ್ನು ಹಿಂದೆ ಕೂರಿಸಿಕೊಂಡು ಹೋದವರು. ದಾರಿಯುದ್ದಕ್ಕೂ ಹಾಡುತ್ತಿದ್ದರು. ರಾಗ ಒಂದು ಕಡೆ, ಮಾತು ಒಂದು ಕಡೆ. ನಾನು ಬೈಯುತ್ತಿದ್ದೆ, ಈಗ ಅದೇ ಬೇಕು ಅನ್ನಿಸುತ್ತದೆ. ಆ ಬೆಳಿಗ್ಗೆ ಅವರು ಏಳಲಿಲ್ಲ.

ಅವರ ಕೈಯಿಂದ ತುಂಬಿದ ಚಾರ್ಜು ಹಾಗೇ ಉಳಿದಿದೆಯಲ್ಲ, ವರ್ಷ ಕಳೆದ ಮೇಲೆ ಅದರಲ್ಲೇ ದಂಡೆಗೆ ಹೋಗಿ ಬರುತ್ತೇನೆ ಎಂದುಕೊಂಡೆ. ಇಡೀ ವರ್ಷ ಆ ಒಂದು ಸವಾರಿಯ ಆಸೆಯಲ್ಲೇ ಕಳೆದೆ.

ವರ್ಷದ ಊಟ ಮುಗಿದ ಮರುದಿನ ಕಂಬಳಿ ತೆಗೆದು ಕೀಲಿ ತಿರುಗಿಸಿದೆ. ದೀಪ ಹತ್ತಲಿಲ್ಲ. ಚಾರ್ಜರ್ ಚುಚ್ಚಿದರೆ, ಹೊಟ್ಟೆ ತುಂಬಿದೆ ಅನ್ನುವ ಹಾಗೆ ತಕ್ಷಣ ಹಸಿರು ತೋರಿಸಿತು. ಬ್ಯಾಟರಿ ಕಳಚಿಕೊಂಡು ಬಸ್ ನಿಲ್ದಾಣದ ಹತ್ತಿರ ರಿಪೇರಿ ಮಾಡುವ ಶರ್ಶೆನ್ ಅಂಗಡಿಗೆ ಹೊರಟೆ. ನಾನು ಬೇಡವೆಂದರೂ ಅತ್ತೆ ಬಿಳಿ ರುಮಾಲು ಕಟ್ಟಿಕೊಂಡು ಜೊತೆಗೆ ಬಂದರು.

ಶರ್ಶೆನ್ ಪೆಟ್ಟಿಗೆ ಬಿಚ್ಚಿ, ಮೀಟರಿನ ತಂತಿಯ ಮೊನೆಯನ್ನು ಒಂದೊಂದೇ ಸೆಲ್ಲಿಗೆ ಮುಟ್ಟಿಸಿ ನೋಡಿದ.

"ಬುರುಲ್ ಅಕ್ಕಾ, ಇದು ಸತ್ತಿದೆ. ಚಾರ್ಜು ಒಳಗೇ ಹೋಗಲ್ಲ, ಅದಕ್ಕೇ ಚಾರ್ಜರ್ ಹಸಿರು ತೋರಿಸೋದು. ಬಲವಂತವಾಗಿ ಚಾರ್ಜ್ ತುಂಬಿಸಬಹುದು, ಆಮೇಲೆ ಒಂದಿನ ಮನೆಗೆ ಬೆಂಕಿ ಬೀಳುತ್ತೆ. ಆ ಕೆಲಸ ನಾನು ಮಾಡಲ್ಲ."

ಪೂರ್ತಿ ತುಂಬಿಟ್ಟಿದ್ದರಲ್ಲ ಎಂದು ನಾನು ವಾದಿಸಿದೆ. ತುಂಬಿಟ್ಟು ಸುಮ್ಮನೆ ಬಿಟ್ಟಿದ್ದರೆ ಒಂದು ವರ್ಷಕ್ಕೆ ಇಷ್ಟು ಬರಿದಾಗುತ್ತಿರಲಿಲ್ಲ, ಯಾರೋ ಕೀಲಿ ತಿರುಗಿಸಿ ದೀಪ ಆರಿಸದೆ ಹೋಗಿದ್ದಾರೆ ಎಂದ.

ನನಗೆ ಮೈಯೆಲ್ಲ ಉರಿಯಿತು. ಮೈದುನನದೇ ಕೆಲಸ, ಅವನಿಗೆ ಆ ಸೈಕಲ್ಲಿನ ಮೇಲೆ ಮೊದಲಿಂದಲೂ ಕಣ್ಣು.

"ಯಾರು ಮುಟ್ಟಿದರೋ ಅವರ ಕೈ ಸೇದಿಹೋಗ," ಅಂದೆ.

ಹಳೇ ಟೈರಿನ ಮೇಲೆ ಕೂತಿದ್ದ ಅತ್ತೆ ತಮ್ಮ ಬಲಗೈ ಎತ್ತಿ ನನ್ನ ಮುಂದೆ ಹಿಡಿದರು.

"ಈ ಕೈಯೇ ಮಗಳೇ."

ಶರ್ಶೆನ್ ಟೀ ತರುವ ನೆಪ ಮಾಡಿ ಆಚೆ ಹೋದ.

"ನೀನು ಗುರುವಾರ ಗುರುವಾರ ಹೋದವರಿಗೆ ವಾಸನೆ ಮುಟ್ಟಲಿ ಅಂತ ಎಣ್ಣೇಲಿ ಬೋರ್ಸೊಕ್ ರೊಟ್ಟಿ ಕರೀತಿದ್ಯಲ್ಲ, ಆಗ ಕೊಟ್ಟಿಗೆಗೆ ಹೋಗಿ ಕೀಲಿ ತಿರುಗಿಸ್ತಿದ್ದೆ. ಸೈಕಲ್ ಹತ್ತಲಿಲ್ಲ, ಓಡಿಸಲಿಲ್ಲ. ಕಂಬಳಿ ಸರಿಸಿ ದೀಪ ನೋಡ್ತಿದ್ದೆ, ಅಷ್ಟೇ. ನನ್ನ ಮಗ ತುಂಬಿಟ್ಟು ಹೋಗಿದ್ದ ಬೆಳಕು."

"ಆರಿಸಬಾರದಿತ್ತಾ ಅತ್ತೆ?"

"ಆರಿಸ್ತಿದ್ದೆ. ಒಂದಿನ ಮನಸ್ಸು ಬರಲಿಲ್ಲ, ಹಾಗೇ ಬಿಟ್ಟು ಬಂದೆ. ಮುಂದಿನ ಗುರುವಾರ ಹೋದ್ರೆ ದೀಪ ಹತ್ತಲಿಲ್ಲ. ಸದ್ಯ, ಮಗ ಹೋಗಬೇಕಾದ ಕಡೆ ತಲುಪಿದ ಅಂದ್ಕೊಂಡೆ."

ಸುಳ್ಳೇಕೆ ಹೇಳಲಿ, ಆಗಲೂ ನನ್ನ ಹೊಟ್ಟೆಯುರಿ ಪೂರ್ತಿ ಆರಲಿಲ್ಲ. ನಾನು ಒಂದು ದಿನಕ್ಕೆಂದು ಕೂಡಿಟ್ಟದ್ದನ್ನು ಈ ಮುದುಕಿ ವಾರ ವಾರ ಒಬ್ಬಳೇ ಕೂತು ಖರ್ಚು ಮಾಡಿದ್ದಳು. ಆದರೆ ಅವರು ನನಗೆ ಗಂಡನಾಗುವ ಮೊದಲು ಇವಳಿಗೆ ಮಗನಾಗಿದ್ದರಲ್ಲ. ಎತ್ತಿದ ಕೈಯನ್ನು ಅತ್ತೆ ಇನ್ನೂ ಇಳಿಸಿರಲಿಲ್ಲ. ನಾನೇ ಹಿಡಿದು ಇಳಿಸಿದೆ.

ಶರ್ಶೆನ್ ಹಳೇ ಪೆಟ್ಟಿಗೆಗೆ ಹೊಸ ಸೆಲ್ಲು ಹಾಕಿಕೊಟ್ಟ. ಸುಮ್ಮನೆ ನಿಂತಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ನೋಡುತ್ತಿರಬೇಕು ಎಂದು ಅತ್ತೆಗೇ ಎರಡೆರಡು ಸಲ ಹೇಳಿದ. ಆ ಸಂಜೆ ನಾನು ಚಾರ್ಜರಿನ ವೈರನ್ನು ಅತ್ತೆಯ ಕೈಗೆ ಕೊಟ್ಟೆ. ಅವರೇ ಚುಚ್ಚಿದರು.

ಬೆಳಿಗ್ಗೆ ಇಬ್ಬರೂ ಹೊರಟೆವು. ಜರ್ದಾಲು ಹೂ ಅರ್ಧ ಉದುರಿಹೋಗಿತ್ತು. ನಾನು ನಮ್ಮವರನ್ನು ಹಿಡಿದುಕೊಳ್ಳುತ್ತಿದ್ದ ಹಾಗೇ ಅತ್ತೆ ನನ್ನ ಸೊಂಟ ಹಿಡಿದು ಹಿಂದೆ ಕೂತಿದ್ದರು. ಸೇತುವೆ ದಾಟಿದ ಮೇಲೆ ನನ್ನ ಬೆನ್ನು ತಟ್ಟಿ, ದೀಪ ಹಾಕು ಅಂದರು.

ಕಣ್ಣು ಕುಕ್ಕುವ ಬಿಸಿಲಿತ್ತು. ಹಗಲಲ್ಲಿ ದೀಪ ಯಾಕೆ ಎಂದು ನಾನು ಕೇಳಲಿಲ್ಲ, ಹಾಕಿದೆ.