ತೋಳಿನ ಆಕಾರದ ಉತ್ತರಪತ್ರಿಕೆ

ನಾನು ಮಕ್ಕಳ ಬಟ್ಟೆ ಹೊಲಿಯುವ ದರ್ಜಿ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಾಲರು, ತೋಳು, ಜೇಬಿನ ಆಕಾರಗಳನ್ನು ಕಾಗದದಲ್ಲಿ ಕತ್ತರಿಸಿ ಮೊಳೆಗೆ ಸಿಕ್ಕಿಸಿಡುತ್ತೇನೆ. ಅದಕ್ಕೆ ದಪ್ಪ ಕಾಗದವೇ ಆಗಬೇಕು. ಮಗಳ ಶಾಲೆಯ ಉತ್ತರಪತ್ರಿಕೆ ಹೇಳಿ ಮಾಡಿಸಿದ ಹಾಗಿತ್ತು. ಓದಿ ಮುಗಿದದ್ದಲ್ಲವೇ ಎಂದು ಅವಳೂ ಕೊಡುತ್ತಿದ್ದಳು.

ಪರೀಕ್ಷೆಗೆ ಒಂದು ತಿಂಗಳಿರುವಾಗ ಅವಳು ಜ್ವರದಿಂದ ಹಾಸಿಗೆ ಹಿಡಿದಳು. ಮೂರು ತಿಂಗಳು ಮನೆಯ ಹೊಸಿಲು ದಾಟಕೂಡದು ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದಾಗಲೂ ಅಳದವಳು ಅವತ್ತು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಒಂದು ಸಂಜೆ ಗಣಿತದ ಮೇಷ್ಟ್ರು ಬಂದರು. "ನಿಯಮ ಇದೆ. ಏಳೋಕಾಗದ ಮಕ್ಕಳಿಗೆ ಈ ವರ್ಷದ ಮೂರು ಕಿರುಪರೀಕ್ಷೆಯ ಉತ್ತರಪತ್ರಿಕೆ ನೋಡಿ ಅಂಕ ಕೊಡ್ತಾರೆ. ಅವಳ ಕೈಬರಹದ್ದೇ ಆಗಬೇಕು. ಶಾಲೆ ಪುಸ್ತಕದಲ್ಲಿ ಗ್ರೇಡು ಬಿಟ್ಟು ಬೇರೇನೂ ಇಲ್ಲ. ಎಲ್ಲಿಟ್ಟಿದ್ದೀಯಮ್ಮ?"

ಎರಡು ಅವಳ ಚೀಲದಲ್ಲಿದ್ದವು. ಮೂರನೆಯದಕ್ಕೆ ಮಗಳು ನನ್ನ ಮುಖ ನೋಡಿದಳು. ಅದನ್ನು ನಾನು ಕತ್ತರಿಸಿಯಾಗಿತ್ತು.

ಅಂಗಡಿಗೆ ಓಡಿ ಮೊಳೆಯಲ್ಲಿದ್ದ ಕಟ್ಟನ್ನೇ ಕಿತ್ತು ತಂದೆ.

"ಮಗಳ ವಿದ್ಯೆಗೇ ಕತ್ತರಿ ಹಾಕಿದ್ರಲ್ಲ!" ಎಂದು ನಮ್ಮವಳು ಹಣೆ ಚಚ್ಚಿಕೊಂಡಳು.

ಮಗಳು ಮಾತ್ರ ಎಷ್ಟೋ ದಿನದ ಮೇಲೆ ನಕ್ಕಳು. "ಬೈಬೇಡಮ್ಮ. ನನ್ನ ಲೆಕ್ಕ ಹಾಕ್ಕೊಂಡು ಎಷ್ಟು ಮಕ್ಕಳು ಓಡಾಡ್ತಿದಾರೋ!"

ದಿಂಬಿಗೊರಗಿ ಕೂತು ತಾನೇ ತೋಳಿಗೆ ಕಾಲರು, ಕಾಲರಿಗೆ ಜೇಬು ಜೋಡಿಸಿದಳು. ನಾನು ಗುಂಡುಸೂಜಿ ಚುಚ್ಚುತ್ತಾ ಹೋದೆ. ಎಲ್ಲ ಕೂಡಿತು. ಕೊನೆಯ ಲೆಕ್ಕವಿದ್ದ ಮೂಲೆಯೊಂದು ಮಾತ್ರ ಇಲ್ಲ. ಯಾವತ್ತೋ ಬಟ್ಟೆ ಚೂರಿನ ಜೊತೆ ಕಸಕ್ಕೆ ಹೋಗಿತ್ತು.

"ಐದು ಅಂಕದ ಲೆಕ್ಕ," ಎಂದರು ಮೇಷ್ಟ್ರು. "ಹೋಗಲಿ, ಕಳೆದದ್ದು ಅವಳ ತಪ್ಪಲ್ಲವಲ್ಲ. ಐದೂ ಬಂದಿತ್ತು ಅಂತ ಬರೆದು ಸಹಿ ಹಾಕ್ತೀನಿ."

ತಾನಾಗಿ ಬಂದದ್ದನ್ನು ಬೇಡ ಎನ್ನುವವನಲ್ಲ ನಾನು. ಅವಳು ಬಾಯಿ ತೆರೆಯುವುದನ್ನು ಕಂಡು ಹೊದಿಕೆಯೊಳಗೆ ಕೈಹಾಕಿ ಕಾಲು ಚಿವುಟಿದೆ.

"ಅಪ್ಪಾ, ಚಿವುಟಬೇಡ! ಎರಡೇ ಬಂದಿದ್ದು ಸಾರ್. ಅರ್ಧಕ್ಕೆ ನಿಂತುಹೋಗಿತ್ತು."

"ಅಷ್ಟು ಸರಿಯಾಗಿ ನೆನಪಿದೆಯಾ?"

"ಮಲಗಿದಲ್ಲೇ ದಿನಾ ಅದನ್ನ ಮುಗಿಸ್ತಿರ್ತೀನಿ ಸಾರ್. ಈಗ ಪೂರ್ತಿ ಬರುತ್ತೆ. ಅವತ್ತು ಬಂದಿರಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಎರಡು ಎಂದೇ ಬರೆದರು.

ಪರೀಕ್ಷೆಯ ದಿನ ಬೆಳಿಗ್ಗೆ ಸಮವಸ್ತ್ರ ಕೇಳಿದಳು. ಜ್ವರ ಇಳಿದರೆ ಡಾಕ್ಟರು ಬಿಟ್ಟಾರು ಎಂಬ ಆಸೆಗೆ ಆ ತಿಂಗಳಲ್ಲಿ ಎರಡು ಸಲ ನನ್ನ ಕೈಲಿ ಪಕ್ಕ ಹಿಡಿಸಿ ಚಿಕ್ಕದು ಮಾಡಿಸಿಕೊಂಡಿದ್ದಳು. ಆದರೂ ಭುಜದಿಂದ ಜಾರುತ್ತಿತ್ತು. ಕಿಟಕಿ ಪಕ್ಕ ಕೂರಿಸಿದೆ. ಶಾಲೆಯ ಗಂಟೆ ನಮ್ಮ ಮನೆಗೆ ಕೇಳುತ್ತದೆ.

"ಈಗ ಪ್ರಶ್ನೆಪತ್ರಿಕೆ ಕೊಟ್ಟಿರ್ತಾರೆ," ಎಂದಳು. ಸ್ವಲ್ಪ ಹೊತ್ತಿಗೆ, "ನನ್ನ ಬೆಂಚಿನ ಕಾಲು ಅಲ್ಲಾಡುತ್ತಪ್ಪ. ಕಾಗದ ಮಡಚಿ ಕೊಡಬೇಕು. ಗೊತ್ತಿಲ್ಲದವರು ಯಾರೋ ಕೂತಿರ್ತಾರೆ." ಮೂರು ಗಂಟೆ ಹೊತ್ತು ಅಲ್ಲಿಂದ ಕದಲಲಿಲ್ಲ. ಕೊನೆಯ ಗಂಟೆ ಹೊಡೆದ ಮೇಲೆ ಕೈಬೆರಳು ನೋವು ಬಂದವಳಂತೆ ನೀವಿಕೊಂಡಳು.

ಫಲಿತಾಂಶ ಬಂತು. ಗಣಿತಕ್ಕೆ ಎಪ್ಪತ್ತೊಂದು. ಅವಳು ಕಾಗದವನ್ನು ಎರಡು ಸಲ ಓದಿದಳು.

"ಇದು ನಂದೇ ಅಪ್ಪ. ಯಾರೂ ಸುಮ್ಮನೆ ಕೊಟ್ಟಿದ್ದಲ್ಲ." ಆಮೇಲೆ ಮೆಲ್ಲಗೆ, "ಕೂತು ಬರೆದಿದ್ರೆ ಇನ್ನೂ ಮೂರು ಬರ್ತಿತ್ತು."

"ಅದನ್ನ ಮುಂದಿನ ತರಗತೀಲಿ ತಗೊಳ್ಳೇ."

"ಅಷ್ಟೊತ್ತಿಗೆ ಈ ಸಮವಸ್ತ್ರ ಆಗುತ್ತಾ? ನೀನು ಹಿಡಿದು ಹಿಡಿದು ಗೊಂಬೆ ಅಂಗಿ ಮಾಡಿಟ್ಟಿದ್ದೀಯ."

ಅಂಗಿಯ ಒಳಮಗ್ಗುಲು ತಿರುಗಿಸಿ ತೋರಿಸಿದೆ. ಎರಡೂ ಕಡೆ ಎರಡೆರಡು ಬೆರಳು ಬಟ್ಟೆ ಮಡಿಕೆಯಲ್ಲಿ ಹಾಗೇ ಇತ್ತು. ಕಾಗದ ಕತ್ತರಿಸಿ ಬುದ್ಧಿ ಕಲಿತವನು ಇದಕ್ಕೆ ಕತ್ತರಿ ಮುಟ್ಟಿಸಿರಲಿಲ್ಲ.

ಅವಳು ಆ ಮಡಿಕೆಯನ್ನು ಬೆರಳಿನಿಂದ ಅಳೆದು ನೋಡಿದಳು. "ಎರಡೂ ಕಡೆ ಅರ್ಧರ್ಧ ಬೆರಳು ಬಿಚ್ಚಪ್ಪ, ಈಗಲೇ," ಎಂದಳು.