ಗೂಡಿನಲ್ಲಿದ್ದ ಇಕ್ಕಳ

ತಿಥಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಚಿನಕುರಳಿಯಲ್ಲಿ ಬಸ್ಸು ಹತ್ತಿ ಹೋಗಿದ್ದರು. ಬೆಳಿಗ್ಗೆ ಪ್ರಮೀಳಾ ಎಂದಿನಂತೆ ಹಾಲಿನ ಕ್ಯಾನು ತೊಳೆದಿಟ್ಟಳು. ತೊಳೆದ ಮೇಲೆ ನೆನಪಾಯಿತು, ಕರೆಯಲು ಹಸುವಿಲ್ಲ.

ಹನ್ನೆರಡು ದಿನದ ಹಿಂದೆ, ಹುಣಸೆಮರದಡಿ ಕಟ್ಟಿದ್ದ ಹಸುವನ್ನು ಬಿಚ್ಚಿ ತರಲು ಅವಳ ಗಂಡ ಲೋಕೇಶ ಮಳೆಯಲ್ಲಿ ಓಡಿದ್ದ. ಒಂದೇ ಸಿಡಿಲಿಗೆ ಇಬ್ಬರೂ ಹೋದರು. ಕೊಟ್ಟಿಗೆಯಲ್ಲಿ ಉಳಿದದ್ದು ಗಬ್ಬದ ಕಡಸು ಒಂದೇ.

ಅಡುಗೆಮನೆಯ ಗೂಡಿನಲ್ಲಿ ಬಟ್ಟೆ ಸುತ್ತಿದ ಇಕ್ಕಳ, ಹಿತ್ತಾಳೆಯ ಎರಡು ಬಿಲ್ಲೆ ಇದ್ದವು. ಡೈರಿಯ ಯಾಸಿನ್‌ನಿಂದ ಲೋಕೇಶ ಕಡ ತಂದದ್ದು. ದನಕ್ಕೆ ವಿಮೆ ಆಗಬೇಕಾದರೆ ಕಿವಿಗೆ ನಂಬರಿನ ಬಿಲ್ಲೆ ಹೊಡೆಯಬೇಕು. ಡಾಕ್ಟರು ಮನೆಗೇ ಬಂದು ಹಸು, ಕಡಸು ಎರಡಕ್ಕೂ ಅರ್ಜಿ ತುಂಬಿದ್ದರು. ಕಿವಿ ಮುಟ್ಟಲು ಮಾತ್ರ ಅತ್ತೆ ಚಿಕ್ಕಬೋರಮ್ಮ ಬಿಡಲಿಲ್ಲ. ಆ ಬೀದಿಯಲ್ಲಿ ಯಾರೂ ಬಿಡುವುದಿಲ್ಲ. ಮಾರಮ್ಮನ ಹೆಸರಲ್ಲಿ ಸಾಕಿದ ದನದ ಕಿವಿ ತೂತಾಗಬಾರದು, ಸಾವಿಗೆ ಬೆಲೆ ಕಟ್ಟಿದರೆ ಸಾವೇ ಬರುತ್ತದೆ ಎಂದು ನಂಬಿಕೆ. ಹೋದ ವರ್ಷ ಸಿಡಿಲಿಗೆ ಇಲ್ಲೇ ಮೂರು ಮನೆಯ ಹಸು ಸತ್ತವು. ಒಂದರ ಕಿವಿಯಲ್ಲೂ ಬಿಲ್ಲೆಯಿಲ್ಲ, ಆದ್ದರಿಂದ ಪರಿಹಾರವೂ ಇಲ್ಲ. ಮೂರು ಮನೆಯವರೂ ಕ್ವಾರಿಯಲ್ಲಿ ಕಲ್ಲು ಒಡೆಯಲು ಹೋದರು. ನಂಬಿಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ.

"ಅಮಾಸೆಗೆ ಅವ್ವ ಹೇಮಗಿರಿ ದೇವ್ರಿಗೆ ಹೋಗ್ತಳೆ. ಆಗ ನಾನೇ ಹೊಡಿತೀನಿ, ಬುಡು" ಅಂದಿದ್ದ ಲೋಕೇಶ. ಮೈಸೂರಲ್ಲಿ ಎಂ.ಎ. ಓದಿದ ಪ್ರಮೀಳಾಳೂ ಆಗಲಿ ಎಂದಿದ್ದಳು. ಅಮಾವಾಸ್ಯೆಗೆ ಮೂರು ದಿನ ಮೊದಲೇ ಸಿಡಿಲು ಬಂತು.

ಅವಳು ಗಂಟನ್ನು ಕೈಗೆತ್ತಿಕೊಂಡಳು.

"ಅದ್ಯಾಕವ್ವ ತಗಂಡೆ?" ಅತ್ತೆ ಎದ್ದು ಬಂದರು.

"ಕಡಸಿಗೆ ಹೊಡೆಸ್ಕೊಂಡು ಬರ್ತೀನಿ ಅತ್ತೆ. ಇವತ್ತು ಡಾಕ್ಟ್ರು ಡೈರಿಗೆ ಬರ್ತಾರೆ."

"ಇನ್ನೂ ಬುದ್ಧಿ ಬರ್ನಿಲ್ವಾ? ಆ ಬಿಲ್ಲೆ ಮನೆ ಒಳಿಕ್ಕೆ ಬಂದ ಆರ್ನೇ ದಿನ್ಕೆ ನನ್ ಮಗ ಓಗ್ಬುಟ್ಟ!"

"ಬಿಲ್ಲೆ ಗೂಡಲ್ಲೇ ಇತ್ತು. ಹೊಡೆದಿರಲಿಲ್ಲ."

"ಎಂಯೆ ಓದ್ದೋಳಲ್ವಾ, ಮಾತಿಗೇನು ಬರ! ಸಿಡ್ಲು ನಿನ್ ನಂಬ್ರು ಓದ್ಕಂಡು ವಾಪಸ್ ಒಂಟೋಯ್ತದಾ?"

"ಹೋಗಲ್ಲ. ಅದು ಬಂದೇ ಬರ್ತದೆ. ಬಂದು ಹೋದ್ಮೇಲೆ ಇನ್ನೊಂದು ಹಸು ಕಟ್ಟಬಹುದು. ಅಷ್ಟೇ."

"ನನ್ ಮಗನ್ನೂ ಕಟ್ಕೊಟ್ಟಾರಾ ಆ ವಿಮೆಯೋರು?"

ಪ್ರಮೀಳಾ ಗಂಟನ್ನು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ನಡೆದಳು. ಕಡಸಿನ ಹಗ್ಗ ಬಿಚ್ಚಿದಳು. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು.

"ಅವತ್ತು ಅವ್ರು ನಿಮ್ಮ ಮಾತು ಕೇಳಿದ್ರು. ನಾನೂ ಕೇಳಿದೆ. ಇವತ್ತು ಕೇಳಲ್ಲ, ಅತ್ತೆ."

ಕಡಸು ಹೆಜ್ಜೆ ಮುಂದಿಟ್ಟಿತು. ಅದರ ಹೊಟ್ಟೆಗೆ ತಾಗದ ಹಾಗೆ ಅತ್ತೆ ತಾವೇ ಪಕ್ಕಕ್ಕೆ ಸರಿದರು.

ಡೈರಿಯ ಮುಂದೆ ಡಾಕ್ಟರು ನಂಬರು ತಾಳೆ ನೋಡಿದರು. ಯಾಸಿನ್ ಇಕ್ಕಳವನ್ನು ಕಡಸಿನ ಕಿವಿಯವರೆಗೆ ತಂದು ಕೆಳಗಿಳಿಸಿದ. "ನನ್ ಕೈಲಾಗಲ್ಲ ಅಕ್ಕಾ." ಪ್ರಮೀಳಾ ತಾನೇ ಒತ್ತಿದಳು. ಕಡಸು ಒಮ್ಮೆ ತಲೆ ಕೊಡವಿ ಹುಲ್ಲಿಗೆ ಬಾಯಿ ಹಾಕಿತು.

ಅವಳು ಇಕ್ಕಳವನ್ನು ಸೆರಗಿನಿಂದ ಒರೆಸಿ ಅವನಿಗೆ ಕೊಟ್ಟಳು. "ಹದಿನೆಂಟು ದಿನ ನಮ್ಮನೇಲೇ ಉಳೀತು. ಬೇರೆಯವರಿಗೆ ಬೇಕಾಗಿತ್ತೇನೋ."

"ಯಾರೂ ಕೇಳ್ನೇ ಇಲ್ಲ ಅಕ್ಕಾ."

ಉಳಿದಿದ್ದ ಬಿಲ್ಲೆಯನ್ನೂ ಅವನ ಅಂಗೈಯಲ್ಲಿಟ್ಟಳು.

"ಇದು ಹಸೂದು."