ಬಾಳೆಬುಡಕ್ಕೆ ಚೆಲ್ಲಿದ ನೀರು

"ಕಕ್ಕಸು ತೊಳೆಯುವ ಕೈಯಲ್ಲಿ ನನ್ನ ಗೆಸ್ಟ್ ರೂಮಿನ ಬಾಗಿಲು ಮುಟ್ಟಿದಿಯಾ, ಬೇವರ್ಸಿ? ಕೈ ಕಡಿದು ಹಾಕ್ತೇನೆ!"

ಕುಶಾಲಪ್ಪ ಧಣಿ ಚೆನ್ನುವನ್ನು ಅಂಗಳದ ನಡುವೆ ನಿಲ್ಲಿಸಿ ಬೈಯುತ್ತಿದ್ದರು. ನಾವು ಹದಿನಾಲ್ಕು ಮುದಿಜೀವಗಳು ಜಗಲಿಯಲ್ಲಿ ಗಂಜಿ ಬಟ್ಟಲು ಹಿಡಿದು ತಲೆ ತಗ್ಗಿಸಿದೆವು. ಅವರ ರಬ್ಬರ್ ತೋಟದಲ್ಲಿ ಬೆನ್ನು ಮುರಿದುಕೊಂಡವರಿಗೆಂದು ಬೆಳ್ಳಾರೆ ಹತ್ತಿರ ಅವರೇ ಕಟ್ಟಿಸಿದ ವೃದ್ಧಾಶ್ರಮ ಅದು. ಬಾಯಿ ಬಿಟ್ಟರೆ ಗಂಜಿ ತಪ್ಪುತ್ತದೆಂಬ ಹೆದರಿಕೆ. ಎಂಬತ್ತೇಳನೇ ಇಸವಿ.

ಚೆನ್ನು ನಮ್ಮ ಆಯಾ. "ನನಗಲ್ಲ ಧಣಿ, ತ್ರೇಸ್ಯಮ್ಮನಿಗೆ. ಬಾಗಿಲು ಹಾಕುವ, ಧೂಳಿಲ್ಲದ ಕೋಣೆ ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ" ಎಂದಳು.

"ಕಟ್ಟಿಗೆ ಕೊಟ್ಟಿಗೆ ಉಂಟಲ್ಲ, ಅಲ್ಲಿ ಮಾಡಿ ಸಾಯಿ."

ತ್ರೇಸ್ಯಮ್ಮ ಎಂದರೆ ಕೊಚ್ಚುತ್ರೇಸ್ಯ, ಮೂವತ್ತು ವರ್ಷ ನನ್ನ ಪಕ್ಕದ ಸಾಲಿನಲ್ಲಿ ರಬ್ಬರ್ ಮರ ಕೆತ್ತಿದವಳು. ಈಗ ಅವಳ ಎರಡೂ ಕಿಡ್ನಿ ಹೋಗಿತ್ತು. ಡಾಕ್ಟರು ಹೊಟ್ಟೆಗೆ ಒಂದು ನಳಿಗೆ ಕೂರಿಸಿದ್ದರು. ಬಾಟಲಿಯ ಔಷಧಿನೀರನ್ನು ಅದರಲ್ಲಿ ಒಳಗೆ ಬಿಡಬೇಕು, ಮೈಯ ವಿಷ ಹೀರಿದ ಮೇಲೆ ಹೊರಗೆ ಇಳಿಸಬೇಕು. ದಿನಕ್ಕೆ ನಾಲ್ಕು ಸಲ. ಡಯಾಲಿಸಿಸ್ ಎನ್ನುತ್ತಾರೆ. ಆಸ್ಪತ್ರೆಯ ಅಲ್ಫೋನ್ಸಾ ಸಿಸ್ಟರ್ ಚೆನ್ನುವನ್ನು ಇಪ್ಪತ್ತು ದಿನ ಜೊತೆಗಿಟ್ಟುಕೊಂಡು ಕಲಿಸಿದ್ದರು. ಅಕ್ಷರ ಬಾರದ ಆ ಹೆಂಗಸು ಮೊಣಕೈವರೆಗೆ ಸೋಪು ಹಚ್ಚಿ ಉಜ್ಜುವುದನ್ನು ನೋಡಿದರೆ ನನ್ನ ಕೈ ನೋಡಿಕೊಳ್ಳಲು ನಾಚಿಕೆಯಾಗುತ್ತಿತ್ತು. ಇಳಿದ ನೀರು ತಿಳಿಯಾಗಿರಬೇಕು, ಕದಡಿದ್ದರೆ ಹೊಟ್ಟೆಯೊಳಗೆ ಕೀವು, ಕೂಡಲೇ ಕರೆತನ್ನಿ ಎಂದಿದ್ದರು ಸಿಸ್ಟರ್.

ಬೆಂಕಿ ಬೀಳಲಿ ಆ ಕೊಟ್ಟಿಗೆಗೆ! ಹಂಚಿನ ಮಾಡಿನಿಂದ ಮಸಿ, ಗೋಡೆಯಿಂದ ಗೆದ್ದಲು ಮಣ್ಣು. ಚೆನ್ನು ಕೊಡೆ ಬಿಡಿಸಿ ನನ್ನ ಕೈಗೆ ಕೊಟ್ಟು ಅದರಡಿಯಲ್ಲಿ ನಳಿಗೆ ಜೋಡಿಸುತ್ತಿದ್ದಳು. ನೀರು ಇಳಿಯುವಷ್ಟು ಹೊತ್ತು ನಾನು ಕಾವಲು. ಅವಳಿಗೆ ನಮ್ಮೆಲ್ಲರ ಬಟ್ಟೆ, ಪಾತ್ರೆ, ಕಕ್ಕಸು ಕಾದಿರುತ್ತಿತ್ತು.

ಐದನೇ ವಾರ ಒಂದು ಬೆಳಿಗ್ಗೆ ಇಳಿದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಕದಡಿ ಬಂತು. ಚೆನ್ನುವನ್ನು ಕರೆಯಲು ಎದ್ದ ನನ್ನ ಕೈಯನ್ನು ಕೊಚ್ಚುತ್ರೇಸ್ಯ ಹಿಡಿದಳು.

"ಚೆಲ್ಲು ಚನಿಯಪ್ಪಾ. ಚೆನ್ನುವಿಗೆ ಹೇಳ್ಬೇಡ."

"ಮರ್ಲಾ ನಿನಗೆ? ಕೀವು ಇದು!"

"ಅವಳ ಕೈಯಿಂದಲೇ ಆದದ್ದು ಅಂತ ಹೇಳ್ತಾನೆ ಆ ಬೇವರ್ಸಿ ಧಣಿ. ಓಡಿಸ್ತಾನೆ ಅವಳನ್ನು. ಮತ್ತೆ ನನಗೆ ಯಾರುಂಟು? ಎರಡು ದಿನ ನೋಡುವ ಮಾರಾಯ."

ಬಾಳೆಬುಡಕ್ಕೆ ಚೆಲ್ಲಿದೆ. "ಹೇಗಿತ್ತಜ್ಜ ನೀರು?" ಎಂದು ಚೆನ್ನು ಕೇಳಿದಳು. "ತಿಳಿ ಉಂಟು" ಎಂದೆ. ಮೂರು ದಿನ ಅದನ್ನೇ ಹೇಳಿದೆ. ನನ್ನ ನಾಲಿಗೆಗೆ ಹುಳ ಬೀಳಲಿ.

ನಾಲ್ಕನೆಯ ದಿನ ಜ್ವರ ಸುಡುತ್ತಿತ್ತು. ಚೆನ್ನು ಅವಳ ಹೊಟ್ಟೆ ಮುಟ್ಟಿ ನೋಡಿದಳು, ಹಲಗೆಯಷ್ಟು ಗಟ್ಟಿ. ಇಳಿದ ನೀರನ್ನು ಬೆಳಕಿಗೆ ಹಿಡಿದು ನನ್ನನ್ನೇ ನೋಡಿದಳು. ನಾನು ಎಲ್ಲ ಹೇಳಿದೆ. ಅವಳು ಜೀಪು ಕೇಳಲು ಧಣಿಯ ಹತ್ತಿರ ಓಡಿದಳು.

"ಹೇಳಿರಲಿಲ್ವಾ ನಾನು? ನಿನ್ನ ಕೊಳಕು ಕೈಯೇ ಕೊಂದದ್ದು. ಜೀಪಿಲ್ಲ, ನನಗೆ ಸುಳ್ಯಕ್ಕೆ ಹೋಗ್ಲಿಕ್ಕುಂಟು. ಸಂಜೆ ಬಸ್ಸಲ್ಲಿ ಸಾಯಿರಿ."

ಜೀಪು ಗೇಟು ದಾಟಿತು.

"ಬಸ್ಸು ಬರುವವರೆಗೆ ಹೊಟ್ಟೆ ತೊಳಿತಾ ಇರ್ಬೇಕಜ್ಜ. ಈ ಕೊಟ್ಟಿಗೆಯಲ್ಲಿ ಮಾತ್ರ ಬೇಡ" ಎಂದಳು ಚೆನ್ನು. ಅಳುತ್ತಿದ್ದಳು.

ನಾನು ಹಾರೆ ತಂದು ಗೆಸ್ಟ್ ರೂಮಿನ ಬೀಗ ಒಡೆದೆ. ಒಳಗೆ ಬಿಳಿ ನೆಲ, ಕೈ ತೊಳೆಯುವ ನಲ್ಲಿ, ಫ್ಯಾನು, ವರ್ಷಕ್ಕೊಮ್ಮೆ ಪೇಟೆಯ ದೊಡ್ಡವರು ಮಲಗುವ ಮಂಚ. ಕೊಚ್ಚುತ್ರೇಸ್ಯಳನ್ನು ಚಾಪೆಯಲ್ಲಿ ಹೊತ್ತು ತಂದು ಮಲಗಿಸಿದೆವು. ಚೆನ್ನು ಬಾಯಿಗೆ ಬಟ್ಟೆ ಕಟ್ಟಿ ಬಾಟಲಿ ತೂಗಿಸಿದಳು. ನಾನು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತೆ. ಮೂರು ಬಾಟಲಿ ಒಳಗೆ ಹೋಯಿತು, ಹೊರಗೆ ಬಂತು. ಮೂರೂ ಕದಡಿದ್ದೇ.

ಮಧ್ಯಾಹ್ನ ದಾಟುವಾಗ ಜೀಪು ತಿರುಗಿ ಬಂತು. ಬಾಗಿಲಿಗೆ ಒದೆ ಬಿತ್ತು.

"ತೆಗಿಯೋ ನಾಯಿ! ಆ ಚೆನ್ನುವೂ ಒಳಗುಂಟಾ?"

"ಅವಳ ಕೈಯಿಂದ ಆದದ್ದಲ್ಲ ಧಣಿ! ನಿಮ್ಮ ಕೊಟ್ಟಿಗೆಯ ಮಸಿಯಿಂದ ಆದದ್ದು. ಮುಚ್ಚಿಟ್ಟದ್ದು ನಾನು!" ನಲವತ್ತು ವರ್ಷದಲ್ಲಿ ಅವರೆದುರು ಮೊದಲ ಸಲ ಸ್ವರ ಎತ್ತಿದೆ.

"ತೆಗಿತೀಯಾ ಇಲ್ವಾ?"

"ತೆಗೆಯುದಿಲ್ಲ! ನೀರು ಇಳಿತಾ ಉಂಟು, ಮುಗಿಯದೆ ತೆಗೆಯುದಿಲ್ಲ!"

ನೀರು ನಿಂತು ಅರ್ಧ ಗಂಟೆಯಾಗಿತ್ತು. ಕೊಚ್ಚುತ್ರೇಸ್ಯಳ ಕಣ್ಣು ಮುಚ್ಚಿಸಿ, ಉಟ್ಟ ಬಿಳಿ ಮುಂಡಿನ ನೆರಿಗೆ ಸರಿಮಾಡುತ್ತಿದ್ದ ಚೆನ್ನು ನನ್ನತ್ತ ತಿರುಗಿದಳು. ತೆಗೆಯಬೇಡ ಎಂದು ತಲೆಯಾಡಿಸಿದಳು.